ಕಾಲರಕ್ಕ ಬರೆದ ಹನ್ನೊಂದು ಗಂಟೆ

ಅಂಗಿಯ ಕಾಲರ್ ಮೊದಲು ಸವೆಯುವುದು ಮಡಿಕೆಯ ಮೇಲೆ. ಕತ್ತಿನ ಬೆವರು, ಗಡ್ಡದ ಮುಳ್ಳು, ಒಗೆಯುವವರ ಬ್ರಷ್ಷು, ಮೂರೂ ಸೇರಿ ಅಲ್ಲಿ ಬಟ್ಟೆಯನ್ನು ತಿನ್ನುತ್ತವೆ. ಮೊದಲು ಬಣ್ಣ ಬಿಳಿಚುತ್ತದೆ, ಆಮೇಲೆ ನೂಲು ಎದ್ದು ನಿಲ್ಲುತ್ತದೆ, ಆಮೇಲೊಂದು ದಿನ ಒಳಗಿನ ಗಟ್ಟಿ ಪದರ ಹಲ್ಲು ಕಿರಿಯುತ್ತದೆ. ಅಂಗಿಯ ಉಳಿದ ಮೈಗೆ ಇನ್ನೂ ಮೂರು ವರ್ಷದ ಆಯಸ್ಸಿರುತ್ತದೆ. ಆಗ ಕಾಲರನ್ನು ಬಿಚ್ಚಿ, ಮಗುಚಿ, ಸವೆದ ಬದಿ ಕೆಳಗೆ ಹೋಗುವಂತೆ ಅದೇ ಜಾಗದಲ್ಲಿ ಮತ್ತೆ ಕೂರಿಸಿ ಹೊಲಿದರೆ ಅಂಗಿ ಹೊಸದರಂತಾಗುತ್ತದೆ. ಆದರೆ ಒಂದೇ ಸಲ. ಎರಡೂ ಬದಿ ಸವೆದ ಕಾಲರಿಗೆ ಯಾರೂ ಏನೂ ಮಾಡಲಾರರು.

ಈ ಕೆಲಸ ಗೊತ್ತಿರುವವರು ಈಗ ಕಡಿಮೆ. ಗೊತ್ತಿದ್ದ ಒಬ್ಬಳು ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲಗಳನ್ನು ಹೊಲಿಯುತ್ತಿದ್ದ ನಲವತ್ತನಾಲ್ಕರ ಹೆಂಗಸು. ಸಂಜೆ ಕಾಲೇಜಿನಲ್ಲಿ ಅವಳ ಜೊತೆ ಓದುತ್ತಿದ್ದ ಇಪ್ಪತ್ತರ ಹುಡುಗರು ಮೊದಲು ಆಂಟಿ ಎಂದರು, ಆಮೇಲೆ ಅಕ್ಕ ಎಂದರು, ಕೊನೆಗೆ ಕಾಲರಕ್ಕ ಎಂದರು. ಅವಳಿಗೆ ಆ ಹೆಸರು ಇಷ್ಟವಾಗಿತ್ತು. ಯಾರದೋ ಹೆಂಡತಿ, ಯಾರದೋ ತಾಯಿ, ಯಾರದೋ ಸೊಸೆ ಎಂಬುದನ್ನು ಬಿಟ್ಟು ಮಾಡುವ ಕೆಲಸದಿಂದ ಬಂದ ಹೆಸರು ಅದೊಂದೇ.

ಬಟ್ಟೆ ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದು ಮೇಲ್ವಿಚಾರಕಿಯದು. ಹೊಲಿಯುವ ಮೂವರು ಹೆಂಗಸರು ಒಗೆದು ಬಂದ ಗಂಟುಗಳ ಮೇಲೆ ಕೂರುತ್ತಿದ್ದರು. ಗಂಟು ಕರಗುತ್ತ ಹೋದಂತೆ ಅವರೂ ನೆಲಕ್ಕಿಳಿಯುತ್ತಿದ್ದರು. ಹದಿನೇಳು ವರ್ಷ ಹೀಗೆ ಏರಿ ಇಳಿದು ಕಾಲರಕ್ಕನ ಎಡ ಮಂಡಿ ಮಡಚಲು ಬಾರದಂತಾಗಿತ್ತು. ನಿವೃತ್ತಿಗೆ ಎರಡು ವರ್ಷವಿದ್ದ ಮೇಲ್ವಿಚಾರಕಿ ಒಂದು ದಿನ ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದಳು:

"ನನ್ನ ಜಾಗಕ್ಕೆ ಡಿಪ್ಲೊಮಾ ಆದವರೇ ಬೇಕಂತೆ. ನಲವತ್ತೈದು ತುಂಬಿರಬಾರದಂತೆ. ನಿನಗೆ ಇನ್ನೂ ಟೈಮಿದೆ, ಓದಿಬಿಡೆ. ಇಲ್ಲಾಂದ್ರೆ ಸೂಜಿಗೂ ದಬ್ಬಳಕ್ಕೂ ವ್ಯತ್ಯಾಸ ಗೊತ್ತಿಲ್ಲದವಳು ಬಂದು ಇಲ್ಲಿ ಕೂರ್ತಾಳೆ. ಅವಳಿಗೆ ನೀನು ಎದ್ದು ನಿಂತು ಕೆಲಸ ಕಲಿಸಬೇಕು."

ಕಾಲರಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಸಂಜೆ ಕಾಲೇಜಿನ ಡಿಪ್ಲೊಮಾಕ್ಕೆ ಎರಡು ವರ್ಷ. ಫಲಿತಾಂಶ ಬಂದ ಮುಂದಿನ ತಿಂಗಳು ಅವಳಿಗೆ ನಲವತ್ತೈದು ತುಂಬುತ್ತದೆ. ನಡುವೆ ಎಲ್ಲೂ ಎಡವುವಂತಿಲ್ಲ. ಎಡವಿದರೆ ಕುರ್ಚಿಯಿಲ್ಲ, ಕಾಯಂ ಕೆಲಸವಿಲ್ಲ, ಪಿಂಚಣಿಯಿಲ್ಲ. ಮಂಡಿ ಪೂರ್ತಿ ಕೈಕೊಟ್ಟ ದಿನ ಮನೆ.

ಗಂಡ ಬೇಡ ಎನ್ನಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಸರಕು ತೂಗಿ ಚೀಟಿ ಬರೆಯುವ ಅವನು ಕುಡಿಯುವವನಲ್ಲ, ಕೈಯೆತ್ತುವವನಲ್ಲ. ಇಂಥವನು ಸಿಕ್ಕಿದ್ದು ನಿನ್ನ ಪುಣ್ಯ ಎಂದು ಅವಳ ತವರಿನವರು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಮನೆಗೆ ತೊಂದರೆಯಾಗದ ಹಾಗೆ ಓದಿಕೊ ಎಂದ. ಮನೆಗೆ ಯಾವ ತೊಂದರೆಯೂ ಆಗಲಿಲ್ಲ. ಇದ್ದ ತೊಂದರೆಯನ್ನೆಲ್ಲ ಅವಳೇ ಬಾಚಿ ತನ್ನ ಕಡೆಗೆ ಎಳೆದುಕೊಂಡಿದ್ದಳು. ಅಡುಗೆ ಮುಗಿಸಿ, ಅತ್ತೆಯ ಬಟ್ಟೆ ಬದಲಿಸಿ, ಅವರನ್ನು ಎಡಕ್ಕೆ ಮಗ್ಗುಲು ಮಾಡಿ, ನೀರಿನ ಲೋಟವನ್ನು ಕೈಗೆ ಎಟುಕುವಲ್ಲಿಟ್ಟು ಕಾಲೇಜಿಗೆ ಓಡುತ್ತಿದ್ದಳು. ಬಂದ ಮೇಲೆ ಮತ್ತೆ ಬಲಕ್ಕೆ ಮಗ್ಗುಲು.

ಅತ್ತೆಗೆ ಲಕ್ವ ಹೊಡೆದು ಮೂರು ವರ್ಷವಾಗಿತ್ತು. ಬಲಗೈ, ಬಲಗಾಲು, ಮಾತು ಹೋಗಿದ್ದವು. ಉಳಿದದ್ದು ಎಡಗೈ, ಎರಡು ಕಣ್ಣು ಮತ್ತು 'ಊಂ' ಎಂಬ ಒಂದು ಸದ್ದು. ಆ ಒಂದು ಸದ್ದಿನಲ್ಲೇ ಹಸಿವು, ಸಿಟ್ಟು, ಬೇಡ, ಸಾಕು, ಫ್ಯಾನು, ಎಲ್ಲವನ್ನೂ ಹೇಳುತ್ತಿದ್ದರು. ಕಾಲರ್ ತಿರುಗಿಸುವುದನ್ನು ಸೊಸೆಗೆ ಕಲಿಸಿದ್ದು ಅವರೇ, ಮದುವೆಯಾದ ಎರಡನೇ ವರ್ಷ. ಆಗ ಅವರ ಬಾಯಿ ಕತ್ತರಿಗಿಂತ ಹರಿತ. ಸೊಸೆ ಹೊಲಿದದ್ದನ್ನು ಮೂರು ಮೂರು ಸಲ ಬಿಚ್ಚಿಸಿ, "ಇದೇನು ಕಾಲರೋ ಕತ್ತೆ ಕಿವಿಯೋ?" ಎಂದು ಕೇಳಿದವರು. ಅವರ ಹೊಲಿಗೆ ಯಂತ್ರ ಈಗಲೂ ಅವರ ಮಂಚದ ಪಕ್ಕದಲ್ಲೇ ಇತ್ತು.

ಡಿಪ್ಲೊಮಾದ ಕೊನೆಯ ಪರೀಕ್ಷೆ ಕೂತು ಬರೆಯುವಂಥದ್ದಲ್ಲ. ನಾಲ್ಕು ಜನರ ಗುಂಪು ಒಂದು ಸಣ್ಣ ವ್ಯಾಪಾರ ಶುರು ಮಾಡಿ, ಹತ್ತು ವಾರ ನಡೆಸಿ, ಅದರ ವರದಿ ಕೊಡಬೇಕು. ಪ್ರತಿಯೊಬ್ಬರೂ ಕಡಿಮೆಯೆಂದರೆ ನಲವತ್ತು ಗಂಟೆ ಕೆಲಸ ಮಾಡಿರಬೇಕು. ಅದಕ್ಕೊಂದು ವೇಳೆ ಪುಸ್ತಕ. ವರದಿಯ ಕೊನೆಯಲ್ಲಿ ಹಿನ್ನೋಟ ಎಂಬ ಪುಟ. ನಾನು ಏನು ಕಲಿತೆ, ಮತ್ತೆ ಮಾಡುವುದಾದರೆ ಏನನ್ನು ಬದಲಿಸುವೆ ಎಂದು ಒಬ್ಬೊಬ್ಬರೂ ಬರೆಯಬೇಕು.

ಕಾಲರಕ್ಕನ ಗುಂಪಿಗೆ ಬಂದ ಮೂವರಲ್ಲಿ ಒಬ್ಬ ಮೊದಲ ದಿನವೇ ಪೆನ್ನು ಕೈಗೆ ತೆಗೆದುಕೊಂಡ. ಅಷ್ಟಕ್ಕೇ ಅವನು ಮ್ಯಾನೇಜರ್ ಆದ. ಇನ್ನೊಬ್ಬನ ಹತ್ತಿರ ಸ್ಕೂಟರ್ ಇತ್ತು, ಅವನು ಸ್ಕೂಟರ್. ಮೂರನೆಯವಳು ಚಿತ್ರ ಬರೆಯುವ ಪೋಸ್ಟರ್ ಹುಡುಗಿ. ಮೇಣದ ಬತ್ತಿ ಮಾಡೋಣ, ಮೊಬೈಲ್ ಕವರ್ ಮಾರೋಣ ಎಂದು ಮೂವರೂ ಚರ್ಚಿಸುತ್ತಿದ್ದಾಗ ಚಹಾ ಚೆಲ್ಲಿತು. ಮೂವರೂ ತಮ್ಮ ತಮ್ಮ ಕಾಗದ ಎತ್ತಿ ಹಿಡಿದು ಕಾಲರಕ್ಕನ ಮುಖ ನೋಡಿದರು. ಅವಳು ತನ್ನ ಕರವಸ್ತ್ರ ತೆಗೆದು ಮೇಜು ಒರೆಸಿದಳು. ಒರೆಸಲು ಬಗ್ಗಿದಾಗ ಮ್ಯಾನೇಜರನ ಕತ್ತು ಅವಳ ಕಣ್ಣಿಗೆ ಬಿತ್ತು.

"ನಿಮ್ಮ ಕಾಲರ್ ಬಾಯಿ ಬಿಟ್ಟಿದೆಯಲ್ಲಪ್ಪ," ಎಂದಳು. "ನಾಳೆ ತಂದುಕೊಡಿ, ತಿರುಗಿಸಿಕೊಡ್ತೀನಿ."

ಅಂಗಿ ವಾಪಸ್ ಬಂದ ದಿನ ಮೂವರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊಲಿಗೆಯ ಗುರುತು ಹುಡುಕಿದರು. ಸಿಗಲಿಲ್ಲ. ವ್ಯಾಪಾರ ಯಾವುದೆಂದು ಆ ಕ್ಷಣವೇ ನಿಶ್ಚಯವಾಯಿತು. ಮ್ಯಾನೇಜರ್ ಪೆನ್ನು ತೆರೆದು, ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದ.

"ಅದೇನು ಮಹಾ," ಎಂದಳು ಕಾಲರಕ್ಕ. "ಹಾಲು ಕಾಯೋಷ್ಟರಲ್ಲಿ ಆಗತ್ತೆ."

ಯಾರಾದರೂ ಅಡುಗೆ ಚೆನ್ನಾಗಿದೆ ಎಂದರೆ ಉಪ್ಪು ಕಡಿಮೆಯಾಯಿತೇನೋ ಎನ್ನುವ ಪೈಕಿ ಅವಳು. ಇದೂ ಹಾಗೆ ಬಾಯಿಗೆ ಬಂದ ಮಾತು. ಮ್ಯಾನೇಜರ್ ಬರೆದುಕೊಂಡ: ಒಂದು ಕಾಲರಿಗೆ ಹತ್ತು ನಿಮಿಷ.

ನಿಜವಾಗಿ ಹಿಡಿಯುತ್ತಿದ್ದದ್ದು ಐವತ್ತು ನಿಮಿಷ. ಬ್ಲೇಡಿನ ತುದಿಯಿಂದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಬೇಕು. ಕೈ ಒಂದು ಕೂದಲೆಳೆ ಜಾರಿದರೆ ಅಂಗಿ ಹೋಯಿತು. ಬಿಚ್ಚಿದ ಮೇಲೆ ಉಳಿದ ನೂಲಿನ ಚೂರುಗಳನ್ನು ಉಗುರಲ್ಲಿ ಆರಿಸಬೇಕು. ಹಳೆಯ ಮಡಿಕೆಗೆ ನೀರು ತಟ್ಟಿ ಇಸ್ತ್ರಿ ಒತ್ತಬೇಕು. ಬೆನ್ನಿನ ನಟ್ಟನಡುವನ್ನು ಗುಂಡುಸೂಜಿಯಿಂದ ಗುರುತಿಸಿ, ಹಳೆಯ ಸೂಜಿ ತೂತುಗಳ ಮೇಲೇ ಹೊಸ ಹೊಲಿಗೆ ಕೂರುವಂತೆ ಯಂತ್ರ ಓಡಿಸಬೇಕು. ಹತ್ತು ವಾರದಲ್ಲಿ ತೊಂಬತ್ತಾರು ಅಂಗಿ. ಸ್ಕೂಟರ್ ಆಫೀಸುಗಳಿಂದ ತಂದು ಅವಳ ಬಾಗಿಲಲ್ಲಿ ಚೀಲ ಇಟ್ಟು, ಹಾರ್ನ್ ಹೊಡೆದು ಹೋಗುತ್ತಿದ್ದ. ಪೋಸ್ಟರ್ ಹುಡುಗಿ ಎರಡು ಭಾನುವಾರ ಮಧ್ಯಾಹ್ನ ಬಂದು ಅವಳ ಕೈಗಳ ಫೋಟೊ ತೆಗೆದಳು. ಪೋಸ್ಟರಿನಲ್ಲಿ ಮಣಿಕಟ್ಟಿನವರೆಗೆ ಮಾತ್ರ ಇತ್ತು. ಮುಖ ಬಂದರೆ ನೋಡುವವರ ಗಮನ ಕಾಲರಿನಿಂದ ಆಚೆ ಹೋಗುತ್ತದೆ ಎಂದು ಮ್ಯಾನೇಜರ್ ಹೇಳಿದ್ದನಂತೆ.

ತೊಂಬತ್ತಾರು ಕಾಲರುಗಳೂ ಮನೆ ಕೆಲಸದ ಸಂದಿಯಲ್ಲೇ ತಿರುಗಿದವು. ಬೆಳಗಿನ ಐದರಿಂದ ಏಳರ ನಡುವೆ ಒಲೆಯ ಪಕ್ಕದಲ್ಲಿ ನಿಂತು ಬಿಚ್ಚುತ್ತಿದ್ದಳು. ಹಾಲು ಉಕ್ಕುವ ಮುನ್ನ ಕಾಲರಿನ ಅರ್ಧ, ಅನ್ನ ಬೇಯುವುದರಲ್ಲಿ ಉಳಿದರ್ಧ. ನೂಲಿನ ಚೂರು ಆರಿಸುತ್ತಿದ್ದದ್ದು ಅತ್ತೆಗೆ ಗಂಜಿ ಕುಡಿಸುವಾಗ; ಒಂದು ಚಮಚ ಬಾಯಿಗೆ, ಅವರು ನುಂಗುವಷ್ಟರಲ್ಲಿ ನಾಲ್ಕು ಚೂರು ಹೊರಗೆ. ಹತ್ತನೇ ತರಗತಿಯ ಮಗಳು ಪಾಠ ಒಪ್ಪಿಸುವಾಗ ಯಂತ್ರ. ಕೊನೆಯ ಆರು ತಿಂಗಳು ತರಗತಿ ವಾರಕ್ಕೆ ಎರಡೇ ದಿನ ಇದ್ದದ್ದರಿಂದ ಉಳಿದ ಸಂಜೆಗಳಲ್ಲೂ ಯಂತ್ರ. ಅದರ ಸದ್ದು ಶುರುವಾದ ಕೂಡಲೇ ಹೊರಗಿನ ಕೋಣೆಯಲ್ಲಿ ಗಂಡ ಟೀವಿಯ ದನಿ ಏರಿಸುತ್ತಿದ್ದ.

ಬಿಚ್ಚುವಾಗ ಬಟ್ಟೆಯ ಇನ್ನೊಂದು ತುದಿಯನ್ನು ಯಾರಾದರೂ ಬಿಗಿಯಾಗಿ ಹಿಡಿದಿದ್ದರೆ ಕೆಲಸ ಸಲೀಸು. ಮೂರನೇ ವಾರ, ಒಲೆಯ ಬಳಿ ಮುಗಿಯದ ಒಂದನ್ನು ಅವಳು ಮಂಚದ ಪಕ್ಕ ಬಿಚ್ಚುತ್ತಿದ್ದಾಗ, ಅತ್ತೆಯ ಎಡಗೈ ತಾನಾಗಿ ಮುಂದೆ ಬಂದು ಕಾಲರಿನ ತುದಿ ಹಿಡಿಯಿತು. ಅಂದಿನಿಂದ ದಿನವೂ ಹಿಡಿಯುತ್ತಿತ್ತು. ಹೊಲಿಗೆ ಒಂದೆಳೆ ಓರೆಯಾದರೂ 'ಊಂ'. ಸೊಸೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಇಪ್ಪತ್ತು ವರ್ಷದಲ್ಲಿ ಅವರಿಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿ ಜಗಳವಾಡದೆ ಇದ್ದದ್ದು ಈ ಹತ್ತು ವಾರ ಮಾತ್ರ.

ವೇಳೆ ಪುಸ್ತಕವನ್ನು ಅವಳು ಭಾನುವಾರ ಭಾನುವಾರ ಬರೆಯುತ್ತಿದ್ದಳು. ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿತ್ತು: ಯೋಜನೆಗೆಂದೇ ಮೀಸಲಿಟ್ಟ ಸಮಯವನ್ನು ಮಾತ್ರ ನಮೂದಿಸಿ. ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ಹಾಲು ಕಾಯುವ ಹೊತ್ತು ಹಾಲಿನದು. ಗಂಜಿಯ ಹೊತ್ತು ಅತ್ತೆಯದು. ಪಾಠದ ಹೊತ್ತು ಮಗಳದು. ಅದನ್ನು ಕಾಲೇಜಿನ ಪುಸ್ತಕಕ್ಕೆ ಬರೆದರೆ ಒಂದೇ ಸೀರೆಯನ್ನು ಇಬ್ಬರಿಗೆ ಮಾರಿದ ಹಾಗಲ್ಲವೇ? ಹತ್ತು ವಾರಗಳಲ್ಲಿ ಮನೆಯಲ್ಲಿ ಯಾರೂ ಏನೂ ಕೇಳದೆ, ಒಲೆಯ ಮೇಲೆ ಏನೂ ಇಲ್ಲದೆ, ಕಾಲರ್ ಒಂದನ್ನೇ ಹಿಡಿದು ಕೂತ ಹೊತ್ತನ್ನು ನೆನೆದು ನೆನೆದು ಕೂಡಿಸಿದಳು. ಹನ್ನೊಂದು ಗಂಟೆ. ಅಷ್ಟೂ ಸಿಕ್ಕಿತಲ್ಲ ಎಂದು ಅವಳಿಗೇ ಆಶ್ಚರ್ಯ. ಕೊನೆಯಲ್ಲಿ ಒಂದು ಪುಟದಲ್ಲಿ ನಲವತ್ತು ಗಂಟೆಯ ನಿಯಮವೂ ಇತ್ತು. ಅದು ಇಡೀ ಗುಂಪಿನ ಲೆಕ್ಕ ಎಂದು ಅವಳು ತಿಳಿದಿದ್ದಳು.

ಮ್ಯಾನೇಜರ್ ಬರೆದದ್ದು ಅರವತ್ತೆಂಟು ಗಂಟೆ. ಅದರಲ್ಲಿ 'ಮುಂದಿನ ಹೆಜ್ಜೆಗಳ ಕುರಿತು ಚಿಂತನೆ' ಎಂದು ಹದಿನೆಂಟು ಗಂಟೆ ಇತ್ತು. ಸ್ಕೂಟರ್ ಅದಕ್ಕೆ ಸಾಕ್ಷಿ ಸಹಿ ಹಾಕಿದ್ದ. ಅವನ ಪುಸ್ತಕಕ್ಕೆ ಇವನು.

ಹಿನ್ನೋಟದ ಪುಟ ತುಂಬಿಸಲು ನಾಲ್ವರೂ ಒಂದು ಸಂಜೆ ಖಾಲಿ ತರಗತಿಯಲ್ಲಿ ಕೂತರು. ಮ್ಯಾನೇಜರ್ ಹೆಚ್ಚುವರಿ ಹಾಳೆ ಕೇಳಿದ. ನಾಯಕತ್ವ, ಒತ್ತಡ ನಿಭಾಯಿಸುವುದು, ಜನರಿಂದ ಕೆಲಸ ತೆಗೆಯುವುದು ಎಂದೆಲ್ಲ ಬರೆದು ಓದಿ ಹೇಳಿದ. ಕಾಲರಕ್ಕ ಪೆನ್ನಿನ ಮುಚ್ಚಳ ಕಚ್ಚಿದಳು. ಏನು ಕಲಿತೆ ಎಂಬಲ್ಲಿ ಬರೆಯಲು ಏನೂ ಹೊಳೆಯಲಿಲ್ಲ. ಕಲಿತದ್ದು ಇಪ್ಪತ್ತು ವರ್ಷದ ಹಿಂದೆ. ಏನನ್ನು ಬದಲಿಸುವೆ ಎಂಬಲ್ಲಿ ಒಂದು ಸಾಲು ಬರೆದಳು: ತುದಿಗೆ ಗುಂಡಿ ಹಾಕುವ ಕಾಲರುಗಳನ್ನು ಒಪ್ಪಿಕೊಳ್ಳಬಾರದು, ತಿರುಗಿಸಿದರೆ ಗುಂಡಿಯ ತೂತಿನ ಕಚ್ಚಾ ಬದಿ ಮೇಲೆ ಬರುತ್ತದೆ.

"ಇಷ್ಟೇನಾ ಅಕ್ಕ?" ಎಂದು ಪೋಸ್ಟರ್ ಹುಡುಗಿ ಕೇಳಿದಳು. "ಏನಾದ್ರೂ ಫೀಲಿಂಗ್ ಬರೀರಿ."

"ಫೀಲಿಂಗಿಗೆ ಜಾಗ ಎಲ್ಲಿದೆ, ಎರಡೇ ಗೆರೆ ಬಿಟ್ಟಿದ್ದಾರೆ," ಎಂದು ಅವಳು ನಕ್ಕಳು. ಅದು ಆ ವರ್ಷ ಅವಳು ಕಾಲೇಜಿನಲ್ಲಿ ನಕ್ಕ ಕೊನೆಯ ನಗು.

ಹದಿನೈದು ದಿನ ಬಿಟ್ಟು ಯೋಜನೆ ನೋಡಿಕೊಳ್ಳುವ ಮೇಡಂ ಅವಳನ್ನು ಕರೆಸಿದರು. ಮೇಡಂ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು. ಗುಂಪಿನ ವರದಿ ಎಲ್ಲಕ್ಕಿಂತ ಚೆನ್ನಾಗಿದೆ ಎಂದರು, ಮೂವರೂ ಪಾಸು ಎಂದರು, ಆಮೇಲೆ ಅವಳ ಪುಸ್ತಕ ತೆರೆದು ಹನ್ನೊಂದರ ಸುತ್ತ ಎಳೆದ ಕೆಂಪು ವೃತ್ತ ತೋರಿಸಿದರು. ನಲವತ್ತು ಪ್ರತಿಯೊಬ್ಬರ ಲೆಕ್ಕ. ಅದಕ್ಕಿಂತ ಕಡಿಮೆಯಿದ್ದರೆ ಮುಂದಿನ ವರ್ಷ ಮತ್ತೆ ಮಾಡಬೇಕು.

ಮುಂದಿನ ವರ್ಷ ತನಗೆ ಆಗುವುದಿಲ್ಲ ಎಂದು ಕಾಲರಕ್ಕ ಹೇಳಿದಳು. ಕುರ್ಚಿಯ ವಿಷಯ, ನಲವತ್ತೈದರ ವಿಷಯ ಹೇಳಿದಳು. ಹಾಲು, ಗಂಜಿ, ಪಾಠ, ಎಲ್ಲ ಹೇಳಿದಳು. ಮೇಡಂ ಕೇಳಿಸಿಕೊಂಡರು. ಹಾಗಾದರೆ ನಿಮ್ಮ ಒಂದು ದಿನವನ್ನು ಪೂರ್ತಿ ಬರೆದು ತನ್ನಿ, ಕಾಲರಿನ ಹೊತ್ತು ಎಲ್ಲಿ ಬರುತ್ತದೆ ನೋಡೋಣ ಎಂದರು.

ಅವಳು ಬಟ್ಟೆ ಕೋಣೆಯ ಊಟದ ಬಿಡುವಿನಲ್ಲಿ, ಗಂಟಿನ ಮೇಲೆ ಕೂತು ಬರೆದಳು. ಈ ಸಲ ಏನನ್ನೂ ಬಿಡಲಿಲ್ಲ. ಅಡುಗೆ ಎರಡು ಗಂಟೆ, ಅದೇ ಹೊತ್ತಿನಲ್ಲಿ ಕಾಲರ್ ಬಿಚ್ಚುವುದು ಅರ್ಧ ಗಂಟೆ. ಅತ್ತೆಯದು ಇಷ್ಟು, ಚೂರು ಆರಿಸುವುದು ಇಷ್ಟು. ಪಾತ್ರೆ, ಬಟ್ಟೆ, ಪಾಠ, ಯಂತ್ರ, ಆಸ್ಪತ್ರೆಯ ಎಂಟು ಗಂಟೆ, ನಿದ್ದೆ ಆರೂವರೆ. ಮೇಡಂ ಬಲಗಡೆ ಕೂಡಿಸುತ್ತ ಹೋಗಿ ಕೆಳಗೆ ಬಂದು ನಿಂತರು. ಮತ್ತೊಮ್ಮೆ ಕೂಡಿಸಿದರು.

"ಇಪ್ಪತ್ತೊಂಬತ್ತು ಬರ್ತಿದೆ," ಎಂದರು. "ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ ಅಲ್ವಾ?"

"ಹೌದು ಮೇಡಂ. ಅದಕ್ಕೇ ಸಾಲಲ್ಲ."

ಮೇಡಂ ನಗಲಿಲ್ಲ. ಇದನ್ನು ಸಮಿತಿಯ ಮುಂದಿಟ್ಟರೆ ಕಟ್ಟುಕಥೆ ಎನ್ನುತ್ತಾರೆ ಎಂದು ನಿಧಾನವಾಗಿ ವಿವರಿಸಿದರು. ಗುಂಪಿನ ವರದಿಯಲ್ಲೇ ಒಂದು ಕಾಲರಿಗೆ ಹತ್ತು ನಿಮಿಷ ಎಂದಿದೆ. ತೊಂಬತ್ತಾರಕ್ಕೆ ಹದಿನಾರು ಗಂಟೆ ಆಗುತ್ತದೆ, ಅಷ್ಟೇ. ಒಂದೇ ದಾರಿ ಉಳಿದಿದೆ. ಆ ಕೆಲಸವನ್ನು ಕಣ್ಣಾರೆ ಕಂಡ, ವಯಸ್ಸಿಗೆ ಬಂದ ಒಬ್ಬರು ಇಷ್ಟು ಗಂಟೆ ಮಾಡಿದ್ದು ನಿಜ ಎಂದು ಸಹಿ ಹಾಕಬೇಕು. ಸೋಮವಾರದ ಒಳಗೆ. ಹೇಳುತ್ತ ಹೇಳುತ್ತ ಮೇಡಂ ಗೋಡೆಯ ಗಡಿಯಾರ ನೋಡಿದರು, ಚೀಲಕ್ಕೆ ಕೈ ಹಾಕಿದರು. ಮಗುವನ್ನು ನೋಡಿಕೊಳ್ಳುವವಳು ಆರಕ್ಕೆ ಹೊರಡುತ್ತಾಳಂತೆ. ನನಗೂ ಅರ್ಥವಾಗುತ್ತದೆ ಎಂದು ಹೇಳಿ ಬಾಗಿಲು ಎಳೆದುಕೊಂಡರು.

ಮೊದಲು ಮ್ಯಾನೇಜರನನ್ನು ಕೇಳಿದಳು. ಅವನು ಕೈ ಜೋಡಿಸಿದ. "ನಾವು ನಿಮ್ಮನೆ ಒಳಗೆ ಬಂದೇ ಇಲ್ಲವಲ್ಲಕ್ಕ. ಐವತ್ತು ನಿಮಿಷ ಅಂತ ಈಗ ಸಹಿ ಹಾಕಿದ್ರೆ ನಮ್ಮ ವರದೀನೇ ಸುಳ್ಳಾಗತ್ತೆ. ಹತ್ತು ನಿಮಿಷ ಅಂದೋರು ನೀವೇ ಅಲ್ವಾ?"

ಹತ್ತು ನಿಮಿಷ ಎಂದು ಅವಳು ಅಂದಿರಲಿಲ್ಲ. ಹಾಲು ಕಾಯುವಷ್ಟು ಎಂದಿದ್ದಳು. ಅವನ ಮನೆಯಲ್ಲಿ ಹಾಲು ಯಾರು ಕಾಯಿಸುತ್ತಾರೋ, ಅವನು ನಿಂತು ನೋಡಿದ್ದನೋ ಇಲ್ಲವೋ.

ಪೋಸ್ಟರ್ ಹುಡುಗಿ ಫೋಟೊ ತೆಗೆದ ಎರಡು ಮಧ್ಯಾಹ್ನಕ್ಕೆ ಮೂರು ಗಂಟೆ ಎಂದು ಸಹಿ ಹಾಕಿದಳು. ಅದಕ್ಕಿಂತ ಹೆಚ್ಚಿಗೆ ತಾನು ನೋಡಿಲ್ಲವಲ್ಲ ಎನ್ನುವಾಗ ಅವಳ ಕಣ್ಣು ನೆಲದ ಮೇಲಿತ್ತು. ಹನ್ನೊಂದು ಮತ್ತು ಮೂರು, ಹದಿನಾಲ್ಕು.

ಗಂಡ ಕಾಗದವನ್ನು ಎರಡು ಸಲ ಓದಿದ. ಅವನು ಯಾವ ಕಾಗದವನ್ನೂ ಓದದೆ ಸಹಿ ಹಾಕಿದವನಲ್ಲ.

"ನೋಡು, ನನ್ನ ಕಣ್ಣೆದುರು ತೂಗದ ಮೂಟೆಗೆ ಆಫೀಸಲ್ಲೂ ನಾನು ಸಹಿ ಹಾಕಲ್ಲ," ಎಂದ. "ನೀನು ಹೊಲೀತಾ ಕೂತಿದ್ದು ನಾನು ನೋಡೇ ಇಲ್ಲ. ಇಲ್ಲದ್ದನ್ನ ಹೇಗೆ ಬರೆಯೋದು?"

"ಮತ್ತೆ ನಾನು ಏನು ಮಾಡ್ತಿದ್ದೆ?"

"ಮನೆ ಕೆಲಸ. ಅದೂ ಇದೂ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ನೆನಪು ಮಾಡಿಕೊಳ್ಳಲು ಪ್ರಯತ್ನಿಸುತ್ತಿದ್ದ.

ಬಾಗಿಲಲ್ಲಿ ನಿಂತಿದ್ದ ಮಗಳು ಕೇಳಿದಳು: "ಅಪ್ಪ, ಹಾಗಾದ್ರೆ ದಿನಾ ಟೀವಿ ಸೌಂಡ್ ಯಾಕೆ ಜೋರು ಮಾಡ್ತಿದ್ದೆ?"

ಅವನು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟ. ಅದು ಬೇರೆ ವಿಷಯ ಎಂದ. ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬೇಡ ಎಂದ. ಆಮೇಲೆ ಎದ್ದು ಹೋಗಿ, ಬಹಳ ದಿನದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ರಿಪೇರಿ ಮಾಡಿದ. ಅವನ ಪಾಲಿಗೆ ಅದು ಸಮಾಧಾನದ ಮಾತು ಹೇಳಿದ್ದಕ್ಕೆ ಸಮ.

ಕಾಲರಕ್ಕ ಅವನನ್ನು ಎರಡನೇ ಸಲ ಕೇಳಲಿಲ್ಲ. ಸುಳ್ಳು ಹೇಳುತ್ತಿದ್ದಾನೆ ಎಂದು ಅನ್ನಿಸಿದ್ದರೆ ಜಗಳವಾದರೂ ಆಡಬಹುದಿತ್ತು. ಅವನು ನಿಜವನ್ನೇ ಹೇಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಅವನು ಅವಳನ್ನು ನೋಡಿದಾಗಲೆಲ್ಲ ಅವಳು ಒಲೆಯ ಮುಂದೆ, ಮಂಚದ ಪಕ್ಕ, ನಲ್ಲಿಯ ಬಳಿ ಇದ್ದಳು. ಅಲ್ಲಿ ಅವಳ ಕೈಯಲ್ಲಿ ಏನಿತ್ತು ಎಂದು ನೋಡುವ ಕಾರಣ ಅವನಿಗೆ ಬಂದೇ ಇರಲಿಲ್ಲ.

"ಅಜ್ಜಿ ನೋಡಿದ್ದಾರಲ್ಲ," ಎಂದಳು ಮಗಳು.

ಹೌದು, ತೊಂಬತ್ತಾರನ್ನೂ ನೋಡಿದವರು ಅವರೊಬ್ಬರೇ. ಭಾನುವಾರ ಬೆಳಗ್ಗೆ ಮಗಳು ಕಾಗದವನ್ನು ಅಜ್ಜಿಯ ಮುಂದೆ ಹಿಡಿದು ಗಟ್ಟಿಯಾಗಿ ಓದಿದಳು. ತೊಂಬತ್ತಾರು ಕಾಲರಿಗೆ ಎಂಬತ್ತು ಗಂಟೆ ಎಂದಾಗ ಅತ್ತೆ 'ಊಂ' ಎಂದರು, ಸಿಟ್ಟಿನ ಊಂ. ಅದು ಹೆಚ್ಚಾಯಿತು ಎಂದೋ ಕಡಿಮೆಯಾಯಿತು ಎಂದೋ ಇಬ್ಬರಿಗೂ ಮೊದಲು ತಿಳಿಯಲಿಲ್ಲ. ಮಗಳು ತೊಂಬತ್ತು ಎಂದಳು. ಅತ್ತೆ ಕಣ್ಣು ಮುಚ್ಚಿ ತೆರೆದರು. ಬಿಚ್ಚಿಸಿ ಮತ್ತೆ ಹೊಲಿಸಿದ ಹೊತ್ತನ್ನು ಸೊಸೆ ಬಿಟ್ಟಿದ್ದಳು, ಅತ್ತೆ ಬಿಟ್ಟಿರಲಿಲ್ಲ.

ಹೆಬ್ಬೆಟ್ಟು ಒತ್ತಿಸೋಣ ಎಂದು ತಂದ ಶಾಯಿ ಡಬ್ಬಿಯನ್ನು ಅವರು ಕೈಯಿಂದ ತಳ್ಳಿದರು. ಆರನೇ ತರಗತಿಯವರೆಗೆ ಓದಿದವರು. ಹೆಬ್ಬೆಟ್ಟು ಒತ್ತುವುದೆಂದರೆ ಅವಮಾನ. ಎಡಗೈಗೆ ಪೆನ್ನು ಕೊಡಬೇಕಾಯಿತು. ಸೊಸೆ ಕಾಗದದ ಕೆಳಗೆ ಊಟದ ತಟ್ಟೆ ಹಿಡಿದಳು. ಮೊದಲ ಅಕ್ಷರಕ್ಕೇ ಹಣೆಯಲ್ಲಿ ಬೆವರು ಬಂತು. ಗೆರೆ ಏರಿ, ಇಳಿದು, ಸಾಕ್ಷಿಯ ಚೌಕವನ್ನು ದಾಟಿ ಕಾಗದದ ಅಂಚಿನವರೆಗೆ ಹೋಯಿತು. ಮುಗಿದಾಗ ಕಿಟಕಿಯ ಬಿಸಿಲು ಮಂಚದ ಕಾಲಿನಿಂದ ಯಂತ್ರದ ಚಕ್ರಕ್ಕೆ ಸರಿದಿತ್ತು, ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು. ಮನೆಯಲ್ಲಿ ಅನ್ನ ಸೀದದ್ದು ಆ ಎರಡು ವರ್ಷದಲ್ಲಿ ಅದೊಂದೇ ಸಲ. ಅತ್ತೆ ಪೆನ್ನು ಬಿಡದೆ ಸೊಸೆಯನ್ನು ನೋಡಿದರು. ಸೊಸೆ ಅವರ ಬೆರಳು ಒಂದೊಂದಾಗಿ ಬಿಡಿಸಿ, ಶಾಯಿ ಒರೆಸಿದಳು. ಇಬ್ಬರಿಗೂ ಒಬ್ಬರಿಗೊಬ್ಬರು ಒಳ್ಳೆಯ ಮಾತು ಹೇಳಿ ಅಭ್ಯಾಸವಿರಲಿಲ್ಲ.

ಸೋಮವಾರ ಕಾಲೇಜಿನ ಗುಮಾಸ್ತ ಕಾಗದವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದ. "ಇದು ಸಹಿನಾ, ಗೀಚಿದ್ದಾ?" ಎಂದ. ಅವಳು ವಿವರಿಸಿದಳು. ಹಾಗಾದರೆ ಅವರಿಗೆ ತಿಳುವಳಿಕೆ ಸರಿಯಿದೆ ಎಂದು ಡಾಕ್ಟರ ಪತ್ರ ಬೇಕು ಎಂದ. ಡಾಕ್ಟರು ಮನೆಗೆ ಬಂದು ನೋಡಿ ಬರೆದುಕೊಟ್ಟದ್ದು ಬುಧವಾರ. ಬುಧವಾರ ಸಮಿತಿ ಮುಗಿದು ಎರಡು ದಿನವಾಗಿತ್ತು. ಮೇಡಂ ತಾವೇ ಹೊರಗೆ ಬಂದು, ತುಂಬ ಪ್ರಯತ್ನಪಟ್ಟೆ ಎಂದು ಹೇಳಿದರು. ಪಟ್ಟಿರಲೂಬಹುದು.

ಹೊಸ ಮೇಲ್ವಿಚಾರಕಿಗೆ ಮೂವತ್ತೊಂದು ವರ್ಷ. ಒಳ್ಳೆಯ ಹುಡುಗಿ. ಮೊದಲ ದಿನ ಯಾವ ಬೀರುವಿನಲ್ಲಿ ಯಾವ ವಾರ್ಡಿನ ಬಟ್ಟೆ, ಕಲೆ ಹೋಗದ್ದನ್ನು ಎಲ್ಲಿ ಬೇರೆ ಇಡಬೇಕು, ಎಷ್ಟು ತೇಪೆಯಾದ ಮೇಲೆ ಹೊದಿಕೆಯನ್ನು ಒರೆಸುವ ಬಟ್ಟೆಯಾಗಿ ಹರಿಯಬೇಕು ಎಂಬುದನ್ನೆಲ್ಲ ಕಾಲರಕ್ಕನೇ ತೋರಿಸಿದಳು. ಹುಡುಗಿ ಬರೆದುಕೊಂಡಳು. ಕೂತುಕೊಳ್ಳಿ ಅಕ್ಕ ಎಂದಳು, ಆಮೇಲೆ ಸುತ್ತ ನೋಡಿ, ಕೂರಲು ಏನೂ ಇಲ್ಲದ್ದನ್ನು ಕಂಡು ತಾನೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ಎರಡನೇ ದಿನದಿಂದ ಕೂತಳು. ಆ ತಿಂಗಳು ಕಾಲರಕ್ಕನಿಗೆ ನಲವತ್ತೈದು ತುಂಬಿತು.

ಮ್ಯಾನೇಜರನ ವರದಿಗೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು. ವ್ಯಾಪಾರವನ್ನು ಅವನು ನಿಲ್ಲಿಸಲಿಲ್ಲ. ಮುಖ್ಯರಸ್ತೆಯಲ್ಲಿ ಸಣ್ಣ ಅಂಗಡಿ ಹಿಡಿದ. ಗೋಡೆಯ ಮೇಲೆ ಮಣಿಕಟ್ಟಿನವರೆಗಿನ ಅವಳ ಎರಡು ಕೈಗಳು. ಕೆಳಗೆ ದಪ್ಪಕ್ಷರದಲ್ಲಿ ಒಂದು ಸೂಚನೆ: ತುದಿಗೆ ಗುಂಡಿ ಇರುವ ಕಾಲರುಗಳನ್ನು ಒಪ್ಪಿಕೊಳ್ಳುವುದಿಲ್ಲ. ಕೆಲಸ ಬೇಕಾದರೆ ಇದೆ ಅಕ್ಕ ಎಂದು ಅವನು ಬಂದು ಕೇಳಿದಾಗ ಅವಳು ಒಂದು ವಾರದ ಸಮಯ ಕೇಳಿದಳು. ಆಮೇಲೆ ಹೂಂ ಎಂದಳು. ಮಂಡಿ ಹೂಂ ಅನ್ನಿಸಿತು. ಗಂಟಿನ ಮೇಲೆ ಎಷ್ಟು ದಿನ ಕೂರಲಾದೀತು ಎಂದು ಅವಳಿಗೆ ಗೊತ್ತಾಗಿತ್ತು.

ಒಂದೂವರೆ ವರ್ಷವಾಯಿತು. ಬೆಳಗ್ಗೆ ಆರಕ್ಕೆ ಚೀಲ ಬಾಗಿಲಿಗೆ ಬರುತ್ತದೆ. ಅತ್ತೆಯ ಎಡಗೈ ಈಗ ಹಿಡಿತ ಬಿಟ್ಟಿದೆ. ತುದಿಯನ್ನು ಅವಳು ಕಿಟಕಿಯ ಕೊಂಡಿಗೆ ಸಿಕ್ಕಿಸಿ ಬಿಚ್ಚುತ್ತಾಳೆ. ಹೊಲಿಗೆ ಓರೆಯಾದರೆ ಹೇಳುವವರಿಲ್ಲ. ಕಣ್ಣು ಮಾತ್ರ ಇನ್ನೂ ಯಂತ್ರದ ಕಡೆಗೇ ಇರುತ್ತದೆ.

ಮೊನ್ನೆ ಮ್ಯಾನೇಜರ್ ತಾನೇ ಚೀಲ ತಂದ. ಹೊಸ್ತಿಲಲ್ಲಿ ನಿಂತು ಹದಿನೈದು ಅಂಗಿಯನ್ನು ಎಣಿಸಿ ಕೊಡುತ್ತಿದ್ದಾಗ ಆರನೆಯದು ತಿಳಿ ನೀಲಿಯ ಅಂಗಿ. ಅವಳು ಕಾಲರ್ ಎತ್ತಿ ನೋಡಿದಳು. ಮೇಲೆ ಮಡಿಕೆಯುದ್ದಕ್ಕೂ ನೂಲು ಎದ್ದಿತ್ತು. ಕೆಳಗಿನ ಬದಿಯೂ ಸವೆದು ಬಿಳಿಚಿತ್ತು. ಹೊಲಿಗೆ ಮುಗಿಯುವಲ್ಲಿ ಹಿಂದಕ್ಕೆ ಬಂದು ಮುಚ್ಚಿದ ಮೂರು ಸಣ್ಣ ಹೊಲಿಗೆಗಳು, ಅತ್ತೆ ಕಲಿಸಿದ್ದು.

"ಇದು ಆಗಲ್ಲ," ಎಂದಳು.

"ಯಾಕಕ್ಕ?"

"ಒಂದು ಸಲ ತಿರುಗಿಸಿ ಆಗಿದೆ. ನಾನೇ ತಿರುಗಿಸಿದ್ದು."

"ಕಾಯಂ ಗಿರಾಕಿ ಅಕ್ಕ, ಏನಾದ್ರೂ ಮಾಡಿ. ನಿಮಗೇನು, ಹಾಲು ಕಾಯೋಷ್ಟರಲ್ಲಿ..."

ಅವಳು ಆ ಅಂಗಿಯನ್ನು ಮಡಚಿ, ಕಾಲರ್ ಒಳಗೆ ಹೋಗುವಂತೆ ಮಡಚಿ, ಅವನ ಕೈಗೆ ವಾಪಸ್ ಕೊಟ್ಟಳು. ಉಳಿದ ಹದಿನಾಲ್ಕನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಹಾಲು ಇನ್ನೂ ಉಕ್ಕಿರಲಿಲ್ಲ. ಒಲೆಯ ಪಕ್ಕ ನಿಂತು ಮೊದಲನೆಯದಕ್ಕೆ ಬ್ಲೇಡು ಹಾಕಿದಳು.